ಲೇಬಲ್ ಮಧುರಾ ರೋಡಿಯೋಗೆ ಹೋದದ್ದು

ಅಮೆರಿಕದ ಜಾರ್ಜಿಯಾದಲ್ಲಿರುವ ಲಾರೆನ್ಸ್‌ವಿಲ್ ಕನ್ನಡಿಗರಲ್ಲಿ ಯಾರಿಗಾದರೂ ಅಂಗಡಿಯಲ್ಲಿ ನಿಂತು ಧರ್ಮಸಂಕಟ ಬಂದರೆ ಅವರು ದೇವಸ್ಥಾನದ ಭಟ್ಟರಿಗೆ ಫೋನ್ ಮಾಡುವುದಿಲ್ಲ, ಮಧುರಾಗೆ ಮಾಡುತ್ತಾರೆ. "ಮಧುರಾ, ಈ ಮಾರ್ಷ್‌ಮೆಲೋ ನಮ್ಮದಾ?" "ಮೂಳೆಯಿಂದ ಮಾಡಿದ ಜೆಲಟಿನ್ ಇದೆ, ಕೆಳಗಿಡಿ." "ಈ ಚೀಸು?" "ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರ್ತಾರೆ, ಪಕ್ಕದ ಹಸಿರು ಪ್ಯಾಕೆಟ್ ತಗೊಳ್ಳಿ." "ಬರೀ ಬೀನ್ಸ್ ಕಣೇ ಇದು, ಡಬ್ಬಿ ಬೀನ್ಸು!" "ಹಂದಿ ಕೊಬ್ಬು, ಮೂರನೇ ಸಾಲು ನೋಡಿ." ಹೀಗೆ ಎಷ್ಟೋ ಮನೆಗಳ ಜಾತಿ ಉಳಿಸಿದ ಪುಣ್ಯ ಅವಳ ಖಾತೆಯಲ್ಲಿತ್ತು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಲೇಬಲ್ ಮಧುರಾ ಅಂತಲೇ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಈ ವಿದ್ಯೆ ಅವಳು ಕಲಿತದ್ದು ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಾದ ಡರ್ಹಮ್‌ನಲ್ಲಿ. 2009ರಲ್ಲಿ ಗೋಪಿನಾಥನನ್ನು ಮದುವೆಯಾಗಿ ಮೈಸೂರಿನಿಂದ ಬಂದಿಳಿದಾಗ ಅವಳ ಕೈಯಲ್ಲಿ ಎಂ.ಎಸ್ಸಿ. ಪದವಿ ಇತ್ತು, ಪಾಸ್‌ಪೋರ್ಟಿನಲ್ಲಿ ಎಚ್-ಫೋರ್ ವೀಸಾ ಇತ್ತು. ಆ ವೀಸಾದ ಅರ್ಥ ಸುಲಭ: ಗಂಡ ದುಡಿಯಬಹುದು, ಹೆಂಡತಿ ಕಾಯಬಹುದು. ಕಾಯುವುದಕ್ಕೂ ಒಂದು ಜಾಗ ಬೇಕಲ್ಲ? ಅಪಾರ್ಟ್‌ಮೆಂಟಿನ ಎದುರಿಗಿದ್ದ ದಿನಸಿ ಅಂಗಡಿಗೆ ನಡೆದುಕೊಂಡು ಹೋಗಿ, ದಿನಕ್ಕೆ ಎರಡು ಗಂಟೆ, ಒಂದೊಂದೇ ಡಬ್ಬಿ ಎತ್ತಿ ಹಿಂಭಾಗ ಓದುತ್ತಿದ್ದಳು. ಅಂಗಡಿಯವರು ಮೊದಮೊದಲು ಅನುಮಾನದಿಂದ ನೋಡಿ, ಆಮೇಲೆ ಅವಳನ್ನು ಸರ್ಕಾರದ ಇನ್‌ಸ್ಪೆಕ್ಟರ್ ಅಂದುಕೊಂಡು ನಮಸ್ಕಾರ ಮಾಡತೊಡಗಿದರು. ಏಳು ವರ್ಷ ಕಳೆದ ಮೇಲೆ ಕೆಲಸದ ಪರ್ಮಿಟ್ ಬಂತು, ಜಾರ್ಜಿಯಾಕ್ಕೆ ಬಂದರು, ಮಧುರಾ ಮನೆಯಿಂದಲೇ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್, ಅಂದರೆ ರೋಗಿಗಳ ದಾಖಲೆ ಓದಿ ಬಿಲ್ಲಿಗೆ ಸಂಕೇತ ಹಾಕುವ ಕೆಲಸ ಹಿಡಿದಳು. ಅಲ್ಲೂ ಅದೇ ಕಥೆ, ಯಾರೂ ಓದದ ಸಣ್ಣ ಅಕ್ಷರವನ್ನು ಓದುವುದು.

ಅವಳು ಓದದೆ ನಂಬಿದ ವಸ್ತು ಜಗತ್ತಿನಲ್ಲಿ ಒಂದೇ ಒಂದು. ಅದರ ಹೆಸರು ಗೋಪಿನಾಥ.

ಗೋಪಿನಾಥನ ಬಗ್ಗೆ ಕನ್ನಡ ಕೂಟದಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಮಗ ಚಿರಂತನ್‌ಗೆ ಆರು ವರ್ಷ. ಪ್ರತಿ ಶನಿವಾರ ಹತ್ತು ಗಂಟೆಗೆ ಕನ್ನಡ ಕ್ಲಾಸು. ಇಪ್ಪತ್ತು ನಿಮಿಷದ ದಾರಿಗೆ ಈ ಮಹಾನುಭಾವ ಒಂಬತ್ತಕ್ಕೇ ಮಗನನ್ನು ಹೊರಡಿಸುತ್ತಿದ್ದ. "ಪಾರ್ಕಿಂಗ್ ಸಿಗಲ್ಲ ಮಧು, ನೀನು ರೆಸ್ಟ್ ತಗೋ." ಒಂದು ಕ್ಲಾಸೂ ತಪ್ಪಿಸದ ತಂದೆ ಅಂತ ಯುಗಾದಿ ಕಾರ್ಯಕ್ರಮದಲ್ಲಿ ಅವನಿಗೆ ಶಾಲು ಹೊದಿಸಿದರು. ಭಾಷಾಭಿಮಾನದ ಬಗ್ಗೆ ನಾಲ್ಕು ಮಾತಾಡಿ ಅಂದಾಗ ಕಣ್ಣಲ್ಲಿ ನೀರು ತಂದುಕೊಂಡ. ಮಧುರಾ ಚಪ್ಪಾಳೆ ತಟ್ಟಿದಳು, ವಿಡಿಯೋ ಮಾಡಿ ಮೈಸೂರಿಗೂ ಕಳಿಸಿದಳು.

ಆ ವಿಡಿಯೋ ನೋಡಿ ಹಿಗ್ಗಿಹೋದ ಅಲಮೇಲಮ್ಮ, ಅಂದರೆ ಗೋಪಿನಾಥನ ತಾಯಿ, 2023ರ ಮೇ ತಿಂಗಳಲ್ಲಿ ಮಗನ ಮನೆಗೆ ಬಂದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೆಂಟು ವರ್ಷ ಕೂತು ನಿವೃತ್ತರಾದವರು. ಯಾವ ಕಾಗದ ಕಂಡರೂ ತಲೆಬರಹ ಓದಿ ಠಸ್ಸೆ ಒತ್ತಿಬಿಡುವುದು ಅವರ ಅಭ್ಯಾಸ. ಒಳಗಿನ ವಿಷಯ ಓದುವುದು ಮೇಲಿನವರ ಕೆಲಸ.

ಬಂದು ಒಂದು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಸೊಸೆಯ ಸಾರನ್ನು ಹೊಗಳಲಿಲ್ಲವಾದರೂ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಅದು ಅವರ ಮಟ್ಟಿಗೆ ಪದ್ಮಶ್ರೀ ಕೊಟ್ಟ ಹಾಗೆ. ಜೂನ್ ಹದಿನೆಂಟರ ಭಾನುವಾರ ಗೋಪಿನಾಥನಿಗೆ ಅಮೆರಿಕದ ಸಂಸ್ಕೃತಿಯ ಮೇಲೆ ಪ್ರೀತಿ ಉಕ್ಕಿತು. ಎರಡು ಗಂಟೆ ದೂರದಲ್ಲಿ, ಸೌತ್ ಕೆರೊಲಿನಾ ಗಡಿ ದಾಟಿದ ಮೇಲೆ, ಪ್ರತಿ ಬೇಸಿಗೆ ದೊಡ್ಡ ರೋಡಿಯೋ ಉತ್ಸವ ನಡೆಯುತ್ತದೆ. ಗೂಳಿ ಸವಾರಿ, ಕುದುರೆ ಓಟ, ಕರುವಿಗೆ ಹಗ್ಗ ಎಸೆಯುವುದು. ಆಫೀಸಿನವರೆಲ್ಲ ಹೋಗುತ್ತಾರಂತೆ. ನಾಲ್ಕು ಟಿಕೆಟ್ ತೆಗೆದ, ಮಗನ ಹೆಸರನ್ನು ಚಿಕ್ಕಮಕ್ಕಳ ಕುರಿ ಸವಾರಿಗೂ ಹಚ್ಚಿದ. ಐದಾರು ವರ್ಷದ ಮಕ್ಕಳನ್ನು ಕುರಿಯ ಬೆನ್ನಿಗೆ ಅಂಟಿಸಿ ಓಡಿಸುತ್ತಾರೆ, ಬೀಳದೆ ಆರು ಸೆಕೆಂಡು ಇದ್ದರೆ ಗೆದ್ದ ಹಾಗೆ. ಅಪಾಯದ ಒಪ್ಪಿಗೆ ಪತ್ರ ಮಾತ್ರ ಹೆಂಡತಿಯ ಮುಂದೆ ತಳ್ಳಿದ. "ನೀನೇ ಓದಿ ಸೈನ್ ಮಾಡು ಮಧು. ಓದೋದ್ರಲ್ಲಿ ನೀನು ಎಕ್ಸ್‌ಪರ್ಟು."

ಅವಳು ಹನ್ನೊಂದು ಪುಟ ಓದಿ, ಸಹಿ ಮಾಡಿ, ಮೊದಲ ಪುಟವನ್ನು ಮರೆಯಬಾರದು ಅಂತ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ಕುರಿ ಸವಾರಿಗೆ ಈ ದೇಶದವರು ಇಟ್ಟ ಹೆಸರು ಮಟನ್ ಬಸ್ಟಿಂಗ್. ಪುಟದ ನೆತ್ತಿಯ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಅದೇ ಇತ್ತು.

ಮಧ್ಯಾಹ್ನ ಮಜ್ಜಿಗೆ ತೆಗೆಯಲು ಫ್ರಿಜ್ಜಿನ ಹತ್ತಿರ ಬಂದ ಅಲಮೇಲಮ್ಮ ತಲೆಬರಹ ಓದಿದರು. ಮಟನ್. ಬಸ್ಟಿಂಗ್. ಅಂದರೆ ಹೊಟ್ಟೆ ಬಿರಿಯುವಷ್ಟು ಮಟನ್ ತಿನ್ನುವ ಪಂದ್ಯ! ಕೆಳಗೆ ಸ್ಪರ್ಧಿಯ ಹೆಸರು: ಚಿರಂತನ್. ತೂಕ ಎಷ್ಟು? ಅಲರ್ಜಿ ಏನಾದರೂ ಇದೆಯೆ? ತಿನ್ನಿಸುವುದಕ್ಕಲ್ಲದೆ ಇವೆಲ್ಲ ಇನ್ಯಾತಕ್ಕೆ ಕೇಳುತ್ತಾರೆ? ಕೊನೆಯಲ್ಲಿ ಸೊಸೆಯ ಸಹಿ, ದುಂಡಗೆ. ಅಲಮೇಲಮ್ಮ ಮನಸ್ಸಿನಲ್ಲೇ ಠಸ್ಸೆ ಒತ್ತಿದರು. ಕೇಸು ಮುಗಿಯಿತು.

ಅಂದು ಸಂಜೆಯಿಂದ ಅವರು ಮಧುರಾ ಮಾಡಿದ ಅಡುಗೆ ಮುಟ್ಟಲಿಲ್ಲ. ತಾವೇ ಒಂದು ಪುಟ್ಟ ಪಾತ್ರೆ ಕೊಂಡು ತರಿಸಿ, ಅದನ್ನು ಮೂರು ಸಲ ತೊಳೆದು, ಅವಲಕ್ಕಿ ನೆನೆಸಿಕೊಂಡು ತಿನ್ನತೊಡಗಿದರು. ಕೇಳಿದರೆ, "ಅಜೀರ್ಣ ಕಣಮ್ಮ. ನನ್ನ ಪಾಡಿಗೆ ನನ್ನ ಬಿಡು." ಮೂರನೇ ದಿನ ಮೈಸೂರಿನ ತಂಗಿಯ ಜೊತೆ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದದ್ದು ಮಧುರಾ ಕಿವಿಗೆ ಬಿತ್ತು. "ಏನ್ ಹೇಳ್ಲೇ ನನ್ನ ಗ್ರಹಚಾರ. ಮಗೂಗೇ ಮಾಂಸ ತಿನ್ನಿಸ್ತಿದಾಳೆ. ಯಾರೋ ಹೇಳಿದ್ದಲ್ಲ, ಕಣ್ಣಾರೆ ಓದಿದೀನಿ. ನನ್ನ ಮಗ ಪಾಪ, ಅಮಾಯಕ, ಅವನಿಗೇನೂ ಗೊತ್ತಿಲ್ಲ."

ಮಧುರಾಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮಾಂಸ? ತಾನು? ಮನೆಯಲ್ಲಿ ಏನೋ ಒಂದು ಲೇಬಲ್ ತಾನು ಸರಿಯಾಗಿ ಓದಿಲ್ಲ, ಅತ್ತೆ ಓದಿಬಿಟ್ಟಿದ್ದಾರೆ ಅಂದುಕೊಂಡಳು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಉಗ್ರಾಣದ ಅಷ್ಟೂ ಡಬ್ಬಿ ನೆಲದ ಮೇಲೆ ಹರಡಿಕೊಂಡು ಮತ್ತೆ ಓದಿದಳು. ಹಲ್ಲುಜ್ಜುವ ಪೇಸ್ಟನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಗಂಡನಿಗೆ ಹೇಳಿದಳು, "ರೀ, ಅತ್ತೆ ನನ್ನ ಮೇಲೆ ಏನೋ ತಪ್ಪು ತಿಳ್ಕೊಂಡಿದಾರೆ. ಮಗೂಗೆ ನಾನ್‌ವೆಜ್ ತಿನ್ನಿಸ್ತೀನಂತೆ. ನೀವಾದ್ರೂ ಕೇಳಿ." ಗೋಪಿನಾಥ ಕೆಮ್ಮಿದ. "ಕೇಳ್ತೀನಿ, ಕೇಳ್ತೀನಿ. ಟೈಮ್ ನೋಡಿ ಕೇಳ್ತೀನಿ. ನೀನು ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಮುಂದಿನ ಹತ್ತು ದಿನ ಅವನಿಗೆ ಟೈಮ್ ಸಿಗಲಿಲ್ಲ, ಟೋಪಿ ಮತ್ತು ಬೂಟು ಆರ್ಡರ್ ಮಾಡುವುದರಲ್ಲಿ ಮಗ್ನನಾಗಿದ್ದ. ಮಧುರಾ ಒಬ್ಬಳೇ ಒಲೆಯ ಮುಂದೆ ನಿಂತು ಅತ್ತದ್ದು ಎಷ್ಟು ಸಲವೋ. ಹದಿನಾಲ್ಕು ವರ್ಷ ಈ ದೇಶದಲ್ಲಿ ಒಂದು ತೊಟ್ಟು ಕಲಬೆರಕೆ ಬಾಯಿಗೆ ಹಾಕದವಳ ಕೈಯ ಅನ್ನ ಮೈಲಿಗೆಯಾಗಿತ್ತು. ರೋಡಿಯೋ ಗೀಡಿಯೋ ಹಾಳಾಗಿ ಹೋಗಲಿ, ಅತ್ತೆ ಒಂದು ತುತ್ತು ತಿಂದರೆ ಸಾಕಾಗಿತ್ತು ಅವಳಿಗೆ.

ಜುಲೈ ಒಂದು, ಶನಿವಾರ. ಕನ್ನಡ ಕ್ಲಾಸಿಗೆ ರಜೆ. ಮಧುರಾ ಬೆಳಗಿನ ಜಾವವೇ ಎದ್ದು ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದಳು. ಗೊಜ್ಜು ಮನೆಯಲ್ಲೇ ಕುದಿಸಿದ್ದು, ಎಳ್ಳು ಹುರಿದು ಪುಡಿ ಮಾಡಿದ್ದು, ಕಡಲೆಕಾಯಿಬೀಜ ಧಾರಾಳವಾಗಿ. ಅತ್ತೆಗೆ ಪುಳಿಯೋಗರೆ ಅಂದರೆ ಪ್ರಾಣ. ಅಲಮೇಲಮ್ಮ ಆ ಕಡೆ ತಿರುಗಿಯೂ ನೋಡದೆ ತಮ್ಮ ಅವಲಕ್ಕಿ ಡಬ್ಬಿ ಎತ್ತಿಕೊಂಡು ಕಾರು ಹತ್ತಿದರು. ಮಗು ಮಾಂಸ ತಿನ್ನದ ಹಾಗೆ ಕಾಯಬೇಕಲ್ಲ, ಅದಕ್ಕೇ ಹೊರಟಿದ್ದರು.

ಗೋಪಿನಾಥ ಮನೆಯಿಂದ ಹೊರಬಂದ ವೈಭವವನ್ನು ನೋಡಬೇಕಿತ್ತು. ತಲೆಯ ಮೇಲೆ ಮೊರದಗಲದ ಟೋಪಿ, ಸೊಂಟಕ್ಕೆ ಅಂಗೈಯಷ್ಟು ದೊಡ್ಡ ಬಕಲ್ಲು, ಕಾಲಿಗೆ ಮೊನೆಚೂಪಿನ ಬೂಟು. ಪ್ರಾಣಿಗಳ ಜೊತೆ ಅವನ ಒಡನಾಟ ಅಂದರೆ ಮೈಸೂರು ಅರಮನೆ ಮುಂದೆ ಒಮ್ಮೆ ಟಾಂಗಾ ಹತ್ತಿದ್ದು, ಇಳಿಯುವಾಗ ಬಿದ್ದದ್ದು. ಈಗ ಬಾಗಿಲಿನ ಎರಡು ಮೆಟ್ಟಿಲಿಳಿಯಲು ಗೋಡೆ ಹಿಡಿದುಕೊಂಡ. "ಹೌಡಿ!" ಅಂದ ಎದುರುಮನೆಯವನಿಗೆ. ಎದುರುಮನೆಯವನು ಗುಜರಾತಿ. ಅವನು "ಕೇಮ್ ಛೋ" ಅಂದು ಒಳಗೆ ಹೋದ.

ರೋಡಿಯೋ ಮೈದಾನ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸಾವಿರಾರು ಜನ, ಎಲ್ಲಿ ನೋಡಿದರೂ ಬಾವುಟ, ಎಲ್ಲಿ ನಿಂತರೂ ಸುಟ್ಟ ಮಾಂಸದ ಹೊಗೆ. ಅಲಮೇಲಮ್ಮ ಸೆರಗಿನಿಂದ ಮೂಗು ಮುಚ್ಚಿ, ಇನ್ನೊಂದು ಕೈಯಲ್ಲಿ ಮೊಮ್ಮಗನ ರಟ್ಟೆ ಬಿಗಿಯಾಗಿ ಹಿಡಿದಿದ್ದರು. ಹಲಗೆಯ ಮೆಟ್ಟಿಲುಗಳ ಮೇಲೆ ಜಾಗ ಹಿಡಿದು ಕೂತರು. ಪ್ರಾರ್ಥನೆ ಆಯಿತು, ರಾಷ್ಟ್ರಗೀತೆ ಆಯಿತು. ಒಬ್ಬ ಧಾಂಡಿಗ ಗೂಳಿಯ ಮೇಲೆ ಕೂತು ಮೂರು ಸೆಕೆಂಡಿನಲ್ಲಿ ನೆಲ ಸೇರಿದ. "ಟೆಕ್ನಿಕ್ ಸರಿಯಿಲ್ಲ," ಅಂದ ಗೋಪಿನಾಥ, ಬೂಟು ಕಚ್ಚಿದ ಹಿಮ್ಮಡಿ ನೀವಿಕೊಳ್ಳುತ್ತ.

ಆಗ ಧ್ವನಿವರ್ಧಕ ಗುಡುಗಿತು. "ಮಟನ್ ಬಸ್ಟರ್ಸ್! ಕಮ್ ಗೆಟ್ ಯುವರ್ ಮಟನ್!" ಕೆಂಪು ಅಂಗಿಯ ಸ್ವಯಂಸೇವಕಿಯೊಬ್ಬಳು ಮಕ್ಕಳನ್ನು ಕರೆದೊಯ್ಯಲು ಬಂದಳು. ಚಿರಂತನ್ ಜಿಗಿದು ಎದ್ದ. "ಅಜ್ಜಿ, ಬಿಡಿ! ಇಟ್ಸ್ ಮೈ ಟರ್ನ್!"

ಅಲಮೇಲಮ್ಮ ಬಿಡಲಿಲ್ಲ. ಎದ್ದು ನಿಂತರು. ಹದಿಮೂರು ದಿನ ನುಂಗಿದ್ದೆಲ್ಲ ಒಟ್ಟಿಗೆ ಹೊರಬಂತು. "ನಾನು ಸತ್ತರೂ ಬಿಡಲ್ಲ! ಇಷ್ಟು ಜನರ ಮುಂದೆ ಹೊಟ್ಟೆ ಬಿರಿಯೋ ಹಾಗೆ ಮಟನ್ ತಿನ್ನಿಸ್ತೀಯೇನೇ ನನ್ನ ಮೊಮ್ಮಗನಿಗೆ? ಫ್ರಿಜ್ ಮೇಲೆ ಅಂಟಿಸಿದ್ದೀಯಲ್ಲ, ಏನೋ ದೊಡ್ಡ ಸರ್ಟಿಫಿಕೇಟ್ ಥರ! ಸೈನ್ ಬೇರೆ! ಎಷ್ಟು ದಿನದಿಂದ ತಿನ್ನಿಸ್ತಿದ್ದೀಯ ಮಗೂಗೆ, ಹೇಳು ಈಗ!"

ಗೋಪಿನಾಥನ ಮುಖ ಟೋಪಿಯ ನೆರಳಿನಲ್ಲೂ ಕಾಣುವಷ್ಟು ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. "ನನಗೇನೂ ಗೊತ್ತಿಲ್ಲಮ್ಮ," ಅಂದ, "ಫಾರಂ ಎಲ್ಲಾ ಮಧುನೇ ತುಂಬಿದ್ದು." ಕುರಿಯ ವಿಷಯಕ್ಕೆ ಈ ಮನುಷ್ಯ ಯಾಕೆ ಇಷ್ಟು ಬೆವರುತ್ತಾನೆ ಅಂತ ಮಧುರಾಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಬೇರೆ. ಮಟನ್! ಫ್ರಿಜ್ ಮೇಲಿನ ಕಾಗದ! ಅತ್ತೆ ಕಣ್ಣಾರೆ ಓದಿದ್ದು ಇದನ್ನು! ಅವಳಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

"ಅತ್ತೆ, ತಿನ್ನೋದಲ್ಲ. ಕೂರೋದು! ಕುರಿ ಮೇಲೆ ಕೂತು ಸವಾರಿ ಮಾಡೋದು. ಜೀವಂತ ಕುರಿ. ಅಲ್ನೋಡಿ, ಆ ಬೇಲಿ ಒಳಗೆ."

ಅಲಮೇಲಮ್ಮ ನೋಡಿದರು. ಬೇಲಿಯೊಳಗೆ ಒಂದು ಕೊಳಕು ಬಿಳಿ ಕುರಿ ನಿಂತು ಸಗಣಿಯ ಮೇಲಿನ ಹುಲ್ಲು ಮೇಯುತ್ತಿತ್ತು. "ಬದುಕಿರೋ ಕುರಿಗೆ ಯಾರಾದ್ರೂ ಮಟನ್ ಅಂತಾರೇನೇ?" ಅಂದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. "ಈ ದೇಶದಲ್ಲಿ ಅಂತಾರೆ ಅತ್ತೆ, ನಾನೇನ್ಮಾಡ್ಲಿ?" ಅಂದಳು ಮಧುರಾ. ರಟ್ಟೆಯ ಹಿಡಿತ ಸಡಿಲವಾಯಿತು, ಚಿರಂತನ್ ಸ್ವಯಂಸೇವಕಿಯ ಕೈ ಹಿಡಿದು ಓಡಿದ.

ತಲೆಗೆ ಹೆಲ್ಮೆಟ್ಟು, ಎದೆಗೆ ದಪ್ಪ ಕವಚ ಹಾಕಿ, ಅವನನ್ನು ಕುರಿಯ ಬೆನ್ನಿನ ಮೇಲೆ ಬೋರಲು ಮಲಗಿಸಿದರು. ಅವನು ಕತ್ತನ್ನು ತಬ್ಬಿಕೊಂಡ. ಬೇಲಿ ತೆರೆಯಿತು. ಕುರಿ ಬಾಣದ ಹಾಗೆ ಹೊರಟಿತು. ಒಂದು, ಎರಡು, ಮೂರು, "ಹಿಡ್ಕೋ ಕಂದಾ! ಉಣ್ಣೆ ಹಿಡ್ಕೋ! ಬಿಡಬೇಡ!" ಅಂತ ಕಿರುಚುತ್ತಿದ್ದವರು ಯಾರು ಅಂತ ಮಧುರಾ ತಿರುಗಿ ನೋಡಿದರೆ, ಹಲಗೆಯ ಮೇಲೆ ನಿಂತು ಸೆರಗು ಬೀಸುತ್ತಿದ್ದ ಅಲಮೇಲಮ್ಮ! ಐದನೇ ಸೆಕೆಂಡಿಗೆ ಹುಡುಗ ಧೂಳಿನಲ್ಲಿ ಉರುಳಿದ, ತಕ್ಷಣ ಎದ್ದು ಎರಡೂ ಕೈ ಮೇಲೆತ್ತಿದ. ಜನ ಹೋ ಅಂದರು. ಅಲಮೇಲಮ್ಮ ಕಣ್ಣೊರೆಸಿಕೊಂಡು ಕೂತರು. ಸೊಸೆಯ ಮುಖ ನೋಡದೆ, "ತಪ್ಪು ತಿಳ್ಕೊಂಡಿದ್ದೆ ಕಣೇ," ಅಂದರು. "ಆ ಡಬ್ಬಿ ಕೊಡು ಇಲ್ಲಿ. ಅವಲಕ್ಕಿ ತಿಂದು ತಿಂದು ನಾಲಿಗೆ ಸತ್ತುಹೋಗಿದೆ."

ಮಧುರಾ ಪೇಪರ್ ಪ್ಲೇಟಿಗೆ ಪುಳಿಯೋಗರೆ ಬಡಿಸಿದಳು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು, ಕಣ್ಣು ಮುಚ್ಚಿಕೊಂಡರು. ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡಳು ಮಧುರಾ. ಗೋಪಿನಾಥನೂ ಉಸಿರು ಬಿಟ್ಟ, ಅವನ ಉಸಿರು ಇವಳದ್ದಕ್ಕಿಂತ ಉದ್ದವಾಗಿತ್ತು.

ಕೆಳಗೆ ಮೈಕ್ ಹಿಡಿದ ನಿರೂಪಕ ಮಂಡಿಯೂರಿ ಕೂತು ಮಗುವನ್ನು ಮಾತಾಡಿಸುತ್ತಿದ್ದ. ಬಿದ್ದ ಮಕ್ಕಳನ್ನು ಹೀಗೆ ಮಾತಾಡಿಸಿ ಜನರನ್ನು ನಗಿಸುವುದು ಅಲ್ಲಿನ ಪದ್ಧತಿ. ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆಯಲ್ಲ ಕೌಬಾಯ್, ಏನು ತಿಂದು ಈ ಶಕ್ತಿ ಬಂತು, ಅಂತ ಕೇಳಿದ.

"ಚಿಕನ್ ಬಿಸ್ಕಿಟ್!" ಅಂತು ಮಗು, ಆರು ಧ್ವನಿವರ್ಧಕಗಳಲ್ಲಿ.

ಚಿಕನ್ ಬಿಸ್ಕಿಟ್ ಅಂದರೆ ಮೆತ್ತನೆಯ ಬನ್ನಿನ ನಡುವೆ ಕರಿದ ಕೋಳಿ ಇಟ್ಟು ಕೊಡುವ, ಜಾರ್ಜಿಯಾದ ಮನೆಮನೆಯ ಬೆಳಗಿನ ತಿಂಡಿ. ಜನ ಕೇಕೆ ಹಾಕಿದರು. ಯಾರಪ್ಪ ಮಾಡಿಕೊಡೋದು, ಅಮ್ಮನಾ, ಅಂತ ಕೇಳಿದ ನಿರೂಪಕ.

"ನೋ! ಅಮ್ಮ ಡಸಂಟ್ ನೋ! ಅಪ್ಪ ಆಂಡ್ ಮಿ, ಎವ್ರಿ ಸ್ಯಾಟರ್ಡೇ, ಬಿಫೋರ್ ಕನ್ನಡ ಕ್ಲಾಸ್! ಅಪ್ಪ ಈಟ್ಸ್ ತ್ರೀ!" ಆಮೇಲೆ ದನಿ ತಗ್ಗಿಸಿ, ಮೈಕಿಗೇ ಬಾಯಿಟ್ಟು, ಗುಟ್ಟು ಹೇಳುವ ಹಾಗೆ, "ಇಟ್ಸ್ ಎ ಸೀಕ್ರೆಟ್."

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಇಂಗ್ಲಿಷಿನಲ್ಲಿ ಅಲಮೇಲಮ್ಮನಿಗೆ ಅರ್ಥವಾಗದ ಪದ ಒಂದೂ ಇರಲಿಲ್ಲ. ಚಿಕನ್. ಅಪ್ಪ. ಶನಿವಾರ. ಮೂರು. ಮಧುರಾ ಗಂಡನ ಕಡೆ ತಿರುಗಿದಳು. ಪಾರ್ಕಿಂಗ್ ಸಿಗದ ಮಹಾನುಭಾವ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಗೂಳಿಗಳ ಕಡೆ ತದೇಕಚಿತ್ತದಿಂದ ನೋಡುತ್ತಿದ್ದ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನೋದನ್ನ ಕೇಳಿದ್ದಳು. ಕೋತಿಗೆ ಶಾಲು ಹೊದಿಸಿ, ಮೇಕೆಯ ಕೈಯಲ್ಲೇ ಚಪ್ಪಾಳೆ ತಟ್ಟಿಸಿದ್ದನ್ನು ಮಾತ್ರ ಈಗಲೇ ನೋಡಿದ್ದು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು ಅವಳಿಗೆ, ಹಲ್ಲುಜ್ಜುವ ಪೇಸ್ಟನ್ನು ಓದಿದ್ದು ನೆನೆದು.

ಅಲಮೇಲಮ್ಮ ಬಾಯಲ್ಲಿದ್ದ ತುತ್ತು ನಿಧಾನವಾಗಿ ನುಂಗಿದರು. ಮಗನನ್ನು ಒಂದು ಸಲ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಮನೇಲಿ ಹೊಟ್ಟೆ ತುಂಬ ಬಡಿಸಿದ್ರೆ ಗಂಡಸು ಹೊರಗೆ ಯಾಕೆ ತಿಂತಾನೆ? ನೀನಾದ್ರೂ ಸ್ವಲ್ಪ ಗಮನ ಕೊಡಬಾರದಿತ್ತೇನೇ?"

ಮಧುರಾ ಹದಿನಾಲ್ಕು ವರ್ಷದಿಂದ ಇಂಥ ಮಾತಿಗೆ "ಆಯ್ತು ಅತ್ತೆ" ಅನ್ನುತ್ತ ಬಂದಿದ್ದಳು. ಇವತ್ತೂ ಆ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನಿಲ್ಲಿಸಿದಳು. "ಅತ್ತೆ," ಅಂದಳು, "ತಿನ್ನದೇ ಇದ್ದ ನನಗೆ ಹದಿಮೂರು ದಿನ ಶಿಕ್ಷೆ ಕೊಟ್ರಿ. ತಿಂದ ನಿಮ್ಮ ಮಗನಿಗೆ ಎಷ್ಟು ದಿನ?"

ಕೆಳಗೆ ಇನ್ನೊಂದು ಮಗು ಕುರಿಯಿಂದ ಬಿತ್ತು. ಜನ ಹೋ ಅಂದರು. ಅಲಮೇಲಮ್ಮ ಆ ಕಡೆ ತಿರುಗಿದರು. ಗೋಪಿನಾಥ ಅದನ್ನೇ ಕ್ಷಮಾದಾನ ಅಂತ ತಿಳಿದನೋ ಏನೋ, ಟೋಪಿ ಸ್ವಲ್ಪ ಮೇಲೆತ್ತಿ, "ಮಧು, ನನಗೂ ಸ್ವಲ್ಪ ಪುಳಿಯೋಗರೆ," ಅಂತ ಕೈ ಚಾಚಿದ. ಮಧುರಾ ಅಲುಗಲಿಲ್ಲ. ಆ ಚಾಚಿದ ಕೈಯನ್ನು ಅಲಮೇಲಮ್ಮ ನೋಡಿದರು. ಅಮಾಯಕ ಅಂತ ತಂಗಿಗೆ ಹೇಳಿದ್ದ ಮಗನ ಕೈ. ಡಬ್ಬಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಅವನಿಗೆ ಈ ಹೊತ್ತು ಬೇಡ," ಅಂದರು.

ತಿನ್ನದವಳಿಗೆ ಹದಿಮೂರು ದಿನ, ತಿಂದವನಿಗೆ ಒಂದು ಹೊತ್ತು. ಅಲಮೇಲಮ್ಮನವರ ನ್ಯಾಯಸ್ಥಾನದಲ್ಲಿ ಗೋಪಿನಾಥನಿಗೆ ಇಷ್ಟು ಘೋರವಾದ ಶಿಕ್ಷೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಅವನು ಎದ್ದು, ಕುಂಟುತ್ತ, ಮಗನನ್ನು ಕರೆತರಲು ಕೆಳಗಿಳಿದ. ಅತ್ತೆ ಎರಡನೇ ಸಲ ಹಾಕಿಸಿಕೊಂಡರು, ಮೂರನೇ ಸಲ ತಾವೇ ಹಾಕಿಕೊಂಡರು. ಮಗನ ಕುಂಟು ನಡಿಗೆ ಕಂಡು ಅವರ ಕರುಳು ಆಗಲೇ ಚುರ್ ಅಂದಿತ್ತು.

"ಪಾಪ, ಹಸಿದಿರ್ತಾನೆ," ಅಂದರು. "ಮನೆಗೆ ಹೋದ್ಮೇಲೆ ಅವನಿಗೆ ಬಿಸಿಬಿಸಿಯಾಗಿ ಏನಾದ್ರೂ ಮಾಡಿಹಾಕು."

"ನೀವೇ ಮಾಡಿ ಅತ್ತೆ," ಅಂದಳು ಮಧುರಾ, ತನ್ನ ತಟ್ಟೆಗೂ ಪುಳಿಯೋಗರೆ ಬಡಿಸಿಕೊಳ್ಳುತ್ತ. "ನಾನು ಹದಿಮೂರು ದಿನ ಅಡುಗೆಮನೆಗೆ ಹೋಗಲ್ಲ."